ಮುರಿದ ಚಮಚವೂ ಮೀನಿನ ಗಾಳವೂ

ಮನೆಯಲ್ಲಿ ಉಪಯೋಗ ತೀರಿ ಬಿದ್ದಿರುವ ವಸ್ತುವಿಗೆ ಮರಳಿ ಒಂದು ಕೆಲಸವನ್ನು ಕೊಡುವುದು ಸದ್ಗೃಹಸ್ಥರ ಲಕ್ಷಣವೆಂದು ನಾವೆಲ್ಲರೂ ಒಪ್ಪಿರುವೆವಷ್ಟೆ. ಹರಿದ ಸೀರೆ ಕೌದಿಯಾಗುವುದು; ಒಡೆದ ಮಡಕೆಯ ತಳವು ಹಕ್ಕಿಗಳಿಗೆ ನೀರಿನ ಬಟ್ಟಲಾಗುವುದು. ಇದರಲ್ಲಿ ಮಿತವ್ಯಯವಲ್ಲದೆ ವಸ್ತುವಿನ ವಿಷಯದಲ್ಲಿ ಒಂದು ಬಗೆಯ ಕೃತಜ್ಞತೆಯೂ ಉಂಟು. ಆದರೆ ಮಗುವಿಗೆ ಉಣಿಸಿದ ಚಮಚವೇ ಮುರಿದಮೇಲೆ ಮೀನನ್ನು ವಂಚಿಸುವ ಗಾಳವಾದರೆ, ಅದನ್ನೂ ಇದೇ ಸದ್ಗುಣದ ಲೆಕ್ಕಕ್ಕೆ ಸೇರಿಸಬಹುದೇ? ಪ್ರಶ್ನೆ ಸಣ್ಣದಾಗಿ ತೋರಿದರೂ ವಿಚಾರಾರ್ಹವಾದುದು.

ನಿದರ್ಶನಕ್ಕಾಗಿ ಕುಂದಲಹಳ್ಳಿಯನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಪೂರ್ವಕ್ಕೆ, ಮಾರತ್ತಹಳ್ಳಿಗೂ ವೈಟ್‌ಫೀಲ್ಡಿಗೂ ನಡುವೆ ಇರುವ ಈ ಊರಿನ ಸುತ್ತಲೂ ಈಗ ಗಾಜಿನ ಕಛೇರಿಗಳು ಎದ್ದಿವೆ. 2023ರಿಂದ ಊರ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ. ಆದರೂ ಊರಿಗೆ ಕೆರೆಯುಂಟು. ಕೆರೆಯಿರುವಲ್ಲಿ ಗಾಳ ಹಾಕುವ ಆಸೆ ಸಹಜ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಅಟ್ಟದ ಮೇಲಿನ ಹಳೆಯ ಡಬ್ಬಿಯಲ್ಲಿ ದೊರೆಯುವುದು. ಚಮಚದ ಹಿಡಿಯನ್ನು ಕತ್ತರಿಸಿ, ಉಳಿದ ಭಾಗದ ಎರಡು ಕೊನೆಗಳಲ್ಲಿಯೂ ತೂತು ಕೊರೆದು, ಒಂದಕ್ಕೆ ದಾರವನ್ನೂ ಮತ್ತೊಂದಕ್ಕೆ ಕೊಕ್ಕೆಯನ್ನೂ ಕಟ್ಟಿದರೆ, ನೀರಿನಲ್ಲಿ ಎಳೆಯುವಾಗ ಅದು ಗಾಯಗೊಂಡ ಮರಿಮೀನಿನಂತೆ ಹೊರಳಿ ಹೊಳೆಯುವುದು. ಕೊಕ್ಕೆಯ ಕೊರಳಿಗೆ ಭಾರವನ್ನು ಸೇರಿಸಿ, ಉಣ್ಣೆಯ ಎಳೆ, ಕೋಳಿಯ ಗರಿ, ಸೈಕಲ್ಲಿನ ಹಳೆಯ ಟ್ಯೂಬಿನ ಸೀಳು ಇವುಗಳಿಂದ ಬಾಲವನ್ನು ಕಟ್ಟಿದರೆ, ಮೇಲಕ್ಕೂ ಕೆಳಕ್ಕೂ ಕುಣಿಯುವ ‘ಜಿಗ್’ ಎಂಬ ಸೋಗಿನ ಎರೆ ಸಿದ್ಧವಾಗುವುದು. ಅಮೆರಿಕೆಯ ಜೂಲಿಯೋ ಬ್ಯುಯೆಲ್ ಎಂಬಾತನು, ಸರೋವರಕ್ಕೆ ಕೈಜಾರಿ ಬಿದ್ದ ಚಮಚವನ್ನು ಮೀನೊಂದು ಹಿಡಿದುದನ್ನು ಕಂಡು ಚಮಚದ ಗಾಳವನ್ನು ಕಲ್ಪಿಸಿದನೆಂದು ಕಥೆಯುಂಟು. 1852ರಲ್ಲಿ ಅವನಿಗೆ ಅದರ ಪೇಟೆಂಟೂ ದೊರೆಯಿತು.

ಗಾಳದ ವಿನೋದವು ನಮ್ಮ ನಾಡಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಆದರೆ ತಿನ್ನುವ ಎರೆಗೂ ಸೋಗಿನ ಎರೆಗೂ ಭೇದವುಂಟು. ಮೊದಲನೆಯದು ಆಹಾರದೊಳಗೆ ಮೃತ್ಯುವನ್ನು ಅಡಗಿಸುವುದು. ಎರಡನೆಯದರಲ್ಲಿ ಆಹಾರವೇ ಇಲ್ಲ. ಎರೆಹುಳುವಿನ ಪ್ರಾಣವಾದರೂ ಉಳಿಯಿತಲ್ಲವೇ ಎಂದರೆ, ಆ ಮಾತೂ ನ್ಯಾಯವಾದುದೇ. ಆದುದರಿಂದ ವಂಚನೆಯೊಂದನ್ನೇ ಹಿಡಿದು ಸೋಗಿನ ಗಾಳವನ್ನು ಹಳಿಯುವುದು ಸಲ್ಲದು.

ವಿಚಾರಿಸಬೇಕಾದುದು ಬೇರೆಯಿದೆ. ಗಾಳಕ್ಕೆ ಸಿಕ್ಕಿದ ಮೀನನ್ನು ಆಸೆಬುರುಕತನಕ್ಕೆ ಉಪಮಾನವಾಗಿ ಹೇಳುವುದು ನಮ್ಮ ರೂಢಿ. ಆಸೆಪಟ್ಟಿತು, ಸತ್ತಿತು ಎಂದು ನಮ್ಮ ಮನಸ್ಸನ್ನು ಹಗುರಮಾಡಿಕೊಳ್ಳುವೆವು. ಆದರೆ ಹಾವಿನ ತಲೆಯನ್ನು ಹೋಲುವ ತಲೆಯುಳ್ಳ ಕೊರಮೀನಿನ ನಡತೆಯನ್ನು ನೋಡಿರಿ. ಅದರ ಮರಿಗಳು ಗುಂಪಾಗಿ ನೀರಿನ ಮೇಲ್ಭಾಗದಲ್ಲಿ ಆಡುತ್ತಿರುವಾಗ, ಹೆತ್ತ ಮೀನು ಕೆಳಗೆ ಕಾವಲಿರುವುದು. ಆಗ ಹತ್ತಿರ ಸುಳಿದ ಚಮಚದ ಮೇಲೆ ಅದು ಎರಗುವುದು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ. ಅಂತಹ ಮೀನನ್ನು ಎತ್ತಿದವನು ಲೋಭಿಯನ್ನು ಹಿಡಿದವನಲ್ಲ. ತಾಯ್ತಂದೆಯರ ಕರ್ತವ್ಯವನ್ನೇ ಎರೆಯಾಗಿ ಬಳಸಿದವನು. ಮರಿಗಳು ಅನಾಥವಾಗಿ ಬೇರೆ ಮೀನುಗಳ ಬಾಯಿಗೆ ಬೀಳುವುವು.

ಎರಡನೆಯದು ಸೀಸದ ವಿಷಯ. ಹಳೆಯ ಬ್ಯಾಟರಿಯ ಸೀಸವನ್ನು ಮನೆಯಲ್ಲಿಯೇ ಕರಗಿಸಿ ಗುಂಡು ಎರೆಯುವುದು ಉಳಿತಾಯವೆಂದು ಕೆಲವರು ತಿಳಿಯಬಹುದು. ಸೀಸವು 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುವುದರಿಂದ ಕೆಲಸ ಸುಲಭ. ಆದರೆ ಅದರ ಹೊಗೆಯೂ ಧೂಳೂ ಎಳೆಯ ಮಕ್ಕಳ ಬುದ್ಧಿಬೆಳವಣಿಗೆಗೆ ವಿಷಪ್ರಾಯ. ನೀರಿನಲ್ಲಿ ಕಳೆದುಹೋದ ಗುಂಡೂ ಸುಮ್ಮನಿರದು. ಬ್ರಿಟನ್ನಿನಲ್ಲಿ ಅಂತಹ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ, 1987ರಲ್ಲಿ ಗಾಳದ ಬಹುಪಾಲು ಸೀಸದ ಗುಂಡುಗಳ ಮಾರಾಟವನ್ನೇ ನಿಷೇಧಿಸಬೇಕಾಯಿತು. ಸೀಸಕ್ಕೆ ಬದಲಾಗಿ ತುಕ್ಕುಹಿಡಿದ ಕಬ್ಬಿಣದ ನಟ್ಟೊಂದು ಸಾಕು.

ಮೂರನೆಯದು ಪ್ರಯೋಜನ. ಊಟಕ್ಕಾಗಿ ಮೀನು ಹಿಡಿಯುವವನಿಗೆ ಹಸಿವೇ ಸಮಾಧಾನವನ್ನು ಹೇಳುವುದು. ಆದರೆ 2015ರಲ್ಲಿ ವರ್ತೂರು ಕೆರೆಯ ನೊರೆ ಬೀದಿಗೆ ಹಾರಿದುದನ್ನು ಕಂಡವರು, ಕೊಳಚೆ ಸೇರಿದ ಕೆರೆಯ ಮೀನನ್ನು ಮನೆಗೆ ತಂದು ಅಡಿಗೆ ಮಾಡಿಯಾರೇ? ತಿನ್ನದ ಮೀನಿಗೆ ಕೊಕ್ಕೆ ಚುಚ್ಚಿದರೆ ಉಳಿಯುವ ಪ್ರಯೋಜನವು ನಮ್ಮ ವಿನೋದವೊಂದೇ. ಆ ವಿನೋದವು ಇನ್ನೊಂದು ಜೀವದ ನೋವಿಗೆ ತಕ್ಕ ಬೆಲೆಯೇ ಎಂಬುದನ್ನು ಗಾಳ ಹಾಕುವವನು ತಾನೇ ಕೇಳಿಕೊಳ್ಳಬೇಕು.

ಹಾಗಾದರೆ ಮುರಿದ ಚಮಚವನ್ನು ಎಸೆಯಬೇಕೇ? ಬೇಡ. ಕೈಯ ಕುಶಲತೆಯನ್ನೂ ಬಿಡಬೇಕಾದುದಿಲ್ಲ. ಕೊಕ್ಕೆಯ ಹಿಮ್ಮುಳ್ಳನ್ನು ಅರದಿಂದ ಉಜ್ಜಿ ತೆಗೆಯಲಿ, ಮರಿಗಳ ಗುಂಪು ಕಂಡಲ್ಲಿ ದಾರವನ್ನು ಸುತ್ತಿಕೊಳ್ಳಲಿ, ಉಣ್ಣುವಷ್ಟನ್ನೇ ಹಿಡಿಯಲಿ, ಹರಿದ ನೈಲಾನ್ ದಾರವನ್ನು ದಡದಲ್ಲಿ ಬಿಡದೆ ಮನೆಗೆ ತರಲಿ. ವಸ್ತುವನ್ನು ಉಳಿಸಿದ ಪುಣ್ಯವು ಹೊಸಿಲಿನ ಒಳಗಿನದು. ಹೊಸಿಲನ್ನು ದಾಟಿದಮೇಲೆ ಆ ವಸ್ತುವು ಯಾರಿಗೆ ಏನು ಮಾಡಿತು ಎಂಬುದೇ ಲೆಕ್ಕ. ಮಿತವ್ಯಯವು ನಮ್ಮ ಕಾಸಿಗೆ ಮಾತ್ರ ಸಂಬಂಧಿಸಿ, ಕೆರೆಯ ಜೀವಕ್ಕೆ ಸಂಬಂಧಿಸದೆ ಹೋದರೆ, ಅದು ಜಿಪುಣತನವೇ ಹೊರತು ಸದ್ಗುಣವೆನಿಸಲಾರದು.