ಕಳೆ ಕೀಳುವ ಕಾಯಕ

ಬೇಸಾಯವೆಂದರೆ ಉಳುವುದು, ಬಿತ್ತುವುದು, ಕೊಯ್ಯುವುದು ಎಂದಷ್ಟೇ ಹಲವರು ಭಾವಿಸುವರು. ಇವುಗಳ ನಡುವೆ ಕಳೆ ಕೀಳುವ ಕೆಲಸವೊಂದುಂಟು. ಅದಕ್ಕೆ ಬಿತ್ತನೆಯ ಪೂಜೆಯಿಲ್ಲ, ರಾಶಿಯ ಸಂಭ್ರಮವಿಲ್ಲ. ದಿನವಿಡೀ ಬೆನ್ನು ಬಗ್ಗಿಸಿ ಮಾಡಬೇಕಾದ ಈ ಕೆಲಸವನ್ನು ಬಹುಪಾಲು ಹೆಣ್ಣುಮಕ್ಕಳೇ ಮಾಡುತ್ತ ಬಂದಿರುವರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಶರಣರು ಸಾರಿದರಷ್ಟೆ. ಆ ಮಾತಿಗೆ ಒರೆಗಲ್ಲು ಈ ಕೆಲಸವೇ.

ತುಂಗೆಯು ಶಿವಮೊಗ್ಗೆಯನ್ನೂ ಭದ್ರೆಯು ಭದ್ರಾವತಿಯನ್ನೂ ಹಾದುಬಂದು ಕೂಡಲಿಯಲ್ಲಿ ಒಂದಾಗುವುವು. ಈ ಹೊಳೆಗಳ ಸೀಮೆಯಲ್ಲಿ ಭತ್ತದ ಗದ್ದೆಗೆ ಜೇಕು, ಅಡಕೆ ತೋಟಕ್ಕೆ ಗರಿಕೆ, ಗೋಮಾಳಕ್ಕೆ ಲಂಟಾನ ಕಾಟ ಕೊಡುವುದು ಹಳೆಯ ಸಂಗತಿ. ಇವೆಲ್ಲವನ್ನೂ ಮೀರಿಸಿದ್ದು ಪಾರ್ಥೇನಿಯಂ. ಜನರು ಅದನ್ನು ಕಾಂಗ್ರೆಸ್ ಗಿಡವೆಂದು ಕರೆಯುವರು. ಅಮೆರಿಕ ಖಂಡದ ಈ ಸಸ್ಯವು 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ತಜ್ಞರ ಗಮನಕ್ಕೆ ಬಂದಿತು. ಆಮದು ಗೋಧಿಯೊಡನೆ ಬಂದಿತೆಂಬ ಅಭಿಪ್ರಾಯವೂ ಉಂಟು. ಈಗ ಅದು ರಸ್ತೆಯ ಅಂಚು, ರೈಲು ಹಳಿಯ ಬದಿ, ಖಾಲಿ ನಿವೇಶನ, ಹುಲ್ಲುಗಾವಲು ಎಂಬ ಭೇದವಿಲ್ಲದೆ ಬೆಳೆಯುತ್ತದೆ. ದನಗಳು ಅದನ್ನು ಮುಟ್ಟಲೊಲ್ಲವು. ಹಸಿವಿಗೆ ತಿಂದರೆ ಹಾಲು ಕಹಿಯಾಗುವುದು.

ದುರ್ಗುಣಗಳನ್ನು ಕಳೆಗೆ ಹೋಲಿಸುವುದು ಪ್ರವಚನಗಳಲ್ಲಿ ವಾಡಿಕೆ. ಹೋಲಿಕೆ ಸುಲಭ, ಸುಲಭವಾದುದರಿಂದಲೇ ಅದು ಕೇಳಿದವರ ಕಿವಿಯಲ್ಲಿಯೇ ಉಳಿಯುವುದು. ಕಳೆ ಎಂದರೇನು? ತುಂಬೆಯ ಹೂವು ಶಿವನಿಗೆ ಪ್ರಿಯವೆಂದು ಪೂಜೆಗೆ ತರುವರು. ಅದೇ ತುಂಬೆ ರಾಗಿಯ ಸಾಲಿನಲ್ಲಿ ಹುಟ್ಟಿದರೆ ಕಿತ್ತೊಗೆಯುವರು. ಹಾಗಿದ್ದಲ್ಲಿ ಕಳೆತನವು ಗಿಡದ ಹುಟ್ಟಿನಲ್ಲಿಲ್ಲ, ಅದು ನಿಂತ ಸ್ಥಳದಲ್ಲಿದೆ. ಕೋಪವೂ ಅಂತೆಯೇ. ಅನ್ಯಾಯವನ್ನು ಕಂಡಾಗ ಬರುವ ಕೋಪ ಬೇರೆ, ಮನೆಯ ಪಂಕ್ತಿಯಲ್ಲಿ ಮಡದಿ ಮಕ್ಕಳ ಮೇಲೆ ಹಾಯುವ ಕೋಪ ಬೇರೆ. ಹುಟ್ಟನ್ನು ನೋಡಿ ಮನುಷ್ಯನನ್ನೇ ಕಳೆಯೆನ್ನುವವನಂತೂ ಶರಣರ ದಾರಿಯಲ್ಲಿಲ್ಲ.

ಶೂನ್ಯಸಂಪಾದನೆಯಲ್ಲಿ ಗೊಗ್ಗಯ್ಯನೆಂಬ ತೋಟಿಗನ ಪ್ರಸಂಗವುಂಟು. ಇದೇ ಜಿಲ್ಲೆಯ ಬಳ್ಳಿಗಾವಿಯವರಾದ ಅಲ್ಲಮಪ್ರಭುಗಳು ಅವನಿಗೆ ಒಳಗಿನ ತೋಟದ ಕೃಷಿಯನ್ನು ಬೋಧಿಸಿದರು. ಮಣ್ಣಿನ ಕೆಲಸ ಬಲ್ಲವನಿಗೆ ಆ ಮಾತು ಬೇಗ ನಾಟುತ್ತದೆ. ಬೇರು ಉಳಿದರೆ ಏನಾಗುವುದೆಂದು ಅವನ ಕೈಗೇ ಗೊತ್ತು.

ಪಾರ್ಥೇನಿಯಂ ಮೊಳೆತ ಸುಮಾರು ಒಂದು ತಿಂಗಳಿಗೆ ಹೂವು ಬಿಡುತ್ತದೆ. ಒಂದೊಂದು ಗಿಡವು ಸಾವಿರಾರು ಬೀಜಗಳನ್ನು ಉದುರಿಸುವುದು. ಅವು ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುವುವು. ಆದುದರಿಂದ ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಕಾಣುವ ಮೊದಲೇ, ಬೇರುಸಹಿತ ಕೀಳತಕ್ಕದ್ದು. ಹೂವಿಲ್ಲದ ಗಿಡವನ್ನು ಗುಂಡಿಗೆ ಹಾಕಿದರೆ ಗೊಬ್ಬರವಾಗುವುದು. ಹೂ ಬಿಟ್ಟ ಗಿಡವನ್ನು ಕಿತ್ತು ದಾರಿಗೆ ಎಸೆದವನು ತನ್ನ ಹೊಲವನ್ನು ಶುಚಿಗೊಳಿಸಿ ನೆರೆಯವನ ಹೊಲಕ್ಕೆ ಬಿತ್ತನೆ ಮಾಡಿದಂತೆಯೇ ಸರಿ. ಇಂಥವರು ವಿರಳವಲ್ಲ.

ಇದನ್ನು ತಿನ್ನುವ ದುಂಬಿಯೊಂದನ್ನು ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಬೋಳಿಸುವುದುಂಟು, ಬೇಸಗೆಯಲ್ಲಿ ಮಣ್ಣಿನೊಳಗೆ ಮಲಗುವುದು. ಅದರ ಸಹಾಯ ಸಹಾಯವೇ, ಆದರೆ ಮನುಷ್ಯನ ಕೈಗೆ ಬಿಡುವು ಸಿಕ್ಕಿಲ್ಲ.

ಆ ಕೈ ಯಾರದು? ಈ ಗಿಡ ಸೋಂಕಿದ ಹಲವರಿಗೆ ಚರ್ಮ ಕೆರೆದು, ಕೆಂಪಾಗಿ, ಬಿರಿಯುತ್ತದೆ. ಅದರ ಪರಾಗದಿಂದ ಕೆಲವರಿಗೆ ಉಬ್ಬಸವೂ ಬರುವುದು. ಒಮ್ಮೆ ಹತ್ತಿದ ತುರಿಕೆ ಗಿಡ ಮುಟ್ಟಿದಾಗಲೆಲ್ಲ ಮರಳಬಹುದು. ಇದನ್ನರಿತೂ ಕೂಲಿಯ ಹೆಂಗಸರನ್ನು ಬರಿಗೈಯಲ್ಲಿ ಗಿಡ ಕೀಳಲು ಇಳಿಸಿ, ತಾನು ಬದುವಿನ ಮೇಲೆ ನಿಂತು ಸಂಜೆ ಲಿಂಗಪೂಜೆಗೆ ಕೈ ತೊಳೆಯುವ ಗೃಹಸ್ಥನು ಕಾಯಕದ ಮಾತನ್ನಾಡುವುದು ಹೇಗೆ? ದುಡಿದು ಗಳಿಸಿದ್ದು ಕಾಯಕ, ಅದನ್ನು ಹಂಚುವುದು ದಾಸೋಹ. ಒಂದು ಜೊತೆ ಕೈಗವಸು, ಮೂಗಿಗೆ ಬಟ್ಟೆ, ತೋಳು ಮುಚ್ಚುವ ಅಂಗಿ, ಕೆಲಸ ಮುಗಿದ ಮೇಲೆ ತೊಳೆದುಕೊಳ್ಳಲು ಸೋಪು ನೀರು: ಇವಕ್ಕೆ ತಗಲುವ ವೆಚ್ಚ ಒಂದು ಹಬ್ಬದ ಹೂವಿನ ವೆಚ್ಚಕ್ಕಿಂತ ಹೆಚ್ಚಲ್ಲ. ತುರಿಕೆ ಇದ್ದವರನ್ನು ಆ ಕೆಲಸಕ್ಕೆ ಕರೆಯದೆ ಬೇರೆ ಕೆಲಸ ಕೊಡತಕ್ಕದ್ದು, ಕೂಲಿ ಮುರಿಯತಕ್ಕದ್ದಲ್ಲ. ಯಜಮಾನನೂ ಕೈಗವಸು ತೊಟ್ಟು ಸಾಲಿಗೆ ಇಳಿದರೆ ಇನ್ನೂ ಮೇಲು. ಮೊದಲ ಮಳೆಯ ನಂತರದ ಎರಡು ಮೂರು ವಾರ ಅದಕ್ಕೆ ತಕ್ಕ ಸಮಯ.