ಎತ್ತಿಗೊಂದು ಅಂಕಣ

ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳು ಒಂದೊಂದಾಗಿ ನೆಲಕ್ಕಿಳಿಯುತ್ತಿವೆ. ಉಳಿದಿರುವ ಯಾವುದಾದರೂ ಮನೆಯೊಳಗೆ ಹೋಗಿ ನೋಡಿ. ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಅಂಕಣ. ಮನುಷ್ಯರ ಪಡಸಾಲೆ ಅದರಾಚೆ, ಒಂದಿಷ್ಟು ಎತ್ತರದಲ್ಲಿ. ಎತ್ತಿಗೂ ಅಳಿಯನಿಗೂ ಒಂದೇ ಬಾಗಿಲು!

ಆ ಅಂಕಣವನ್ನು ಕಟ್ಟಿದವರ ಲೆಕ್ಕಾಚಾರ ಸಣ್ಣದಲ್ಲ. ಪಡಸಾಲೆಯ ಅಂಚಿಗೇ ಗೋದಲಿ; ನಡುರಾತ್ರಿ ಎದ್ದ ಯಜಮಾನ ಕೆಳಗಿಳಿಯದೆ, ನಿಂತಲ್ಲಿಂದಲೇ ಒಂದು ಹಿಡಿ ಹುಲ್ಲು ಹಾಕಬಹುದು. ಕೆಳಗಿನ ಹಾಸುಗಲ್ಲಿಗೆ ಗಂಜಲ ಹರಿದುಹೋಗುವಷ್ಟು ಇಳಿಜಾರು, ಗೊರಸು ಜಾರದಷ್ಟು ಒರಟುತನ. ಮೇಲೆ ದಪ್ಪ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ನಮ್ಮ ಸೀಮೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಆ ನೆರಳಿನ ಬೆಲೆ ಬಲ್ಲವರೇ ಬಲ್ಲರು. ನೊಣ, ವಾಸನೆ ಇರಲಿಲ್ಲವೆಂದು ನಾನು ಹೇಳಲಾರೆ. ಆದರೂ ಹೊಲದಲ್ಲಿ ದುಡಿದು ಬಂದ ಜೀವ ಹೇಗೆ ನಿಲ್ಲುತ್ತದೆ, ಹೇಗೆ ಮಲಗುತ್ತದೆ ಎಂಬುದನ್ನು ಯಾರೋ ಕೂತು ಯೋಚಿಸಿದ್ದರು.

ಅರಸರೂ ಈ ಲೆಕ್ಕ ಬಿಟ್ಟವರಲ್ಲ. ಪಕ್ಕದ ಜಿಲ್ಲೆಯ ಹಂಪಿಯಲ್ಲಿ ಗಜಶಾಲೆ ಎಂದು ತೋರಿಸುವ ಕಟ್ಟಡದಲ್ಲಿ ಸಾಲಾಗಿ 11 ಕೋಣೆಗಳಿವೆ. ನಾವೆಲ್ಲ ಮೇಲಿನ ಗುಮ್ಮಟಗಳ ಫೋಟೊ ತೆಗೆದು ಬರುತ್ತೇವೆ. ನೋಡಬೇಕಾದದ್ದು ಕೆಳಗಿದೆ: ಆನೆಗೆ ಎತ್ತರದ ಕಮಾನು, ಜೊತೆಗೆ ಆಳು ಮಾತ್ರ ಹಾಯುವಷ್ಟು ಸಣ್ಣ ದಾರಿಗಳು. ಅವು ಮಾವುತರಿಗೆಂದು ಹೇಳುತ್ತಾರೆ. ಆನೆಯ ಜೊತೆಗೆ ಆನೆ ನೋಡಿಕೊಳ್ಳುವವನೂ ನಕ್ಷೆಯೊಳಗೆ ಬಂದಿದ್ದ.

ನಮ್ಮ ಬಡಾವಣೆಗಳಲ್ಲೀಗ ತಲೆಬಾಗಿಲ ಮುಂದಿನ ಜಾಗ ಕಾರಿನದು, ಅದಕ್ಕೆ ಗ್ರಾನೈಟ್ ನೆಲ. ವಾಸ್ತುವಿನವರು ಸಂಪಿಗೆ ಈಶಾನ್ಯ, ಒಲೆಗೆ ಆಗ್ನೇಯ ಎನ್ನುತ್ತಾರೆ. ನಾವೂ ಶ್ರದ್ಧೆಯಿಂದ ಗುರುತು ಹಾಕಿಸುತ್ತೇವೆ. ಅಪಾರ್ಟ್‌ಮೆಂಟಿನ ಕಾವಲುಗಾರ ಮಾತ್ರ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಸಂದಿಯಲ್ಲಿ ಮಲಗುತ್ತಾನೆ. ಮನೆಗೆಲಸದಾಕೆ ಹಿತ್ತಲ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಾಳೆ. ಎತ್ತಿನ ನಿಲುವಿಗೆ ಸಿಕ್ಕಿದ್ದ ಗಮನ ಇವರ ಬೆನ್ನಿಗೆ ಸಿಕ್ಕಿಲ್ಲ. ಮನೆ ಕಟ್ಟಿಸುವವರು ನೀವಾದರೆ ಅಡಿಪಾಯದ ದಿನವೇ ಮೇಸ್ತ್ರಿಗೆ ಹೇಳಿಬಿಡಿ: ಆ ಸಂದಿಗೊಂದು ಕಿಟಕಿ, ಒಂದು ಫ್ಯಾನ್ ಪಾಯಿಂಟ್, ಹಿತ್ತಲಲ್ಲಿ ಸೊಂಟದೆತ್ತರಕ್ಕೆ ಒಂದು ಕಟ್ಟೆ, ಅದರ ಮೇಲೊಂದು ನಲ್ಲಿ. ಪ್ಲಾಸ್ಟರ್ ಆದ ಮೇಲೆ ಹೇಳಿದರೆ ಗೋಡೆ ಒಡೆಯಬೇಕು, ಖರ್ಚೂ ಹೆಚ್ಚು.