ದಂಡಧರನ ವಾಹನ

ಪೊಲೀಸು ಇಲಾಖೆಯವರು ಗಸ್ತಿನ ಕೆಲಸಕ್ಕೆ ಯಾವ ಮೋಟಾರು ಸೈಕಲ್ಲನ್ನು ಕೊಳ್ಳಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ಯಂತ್ರಶಾಸ್ತ್ರಜ್ಞರಿಗೂ ಲೆಕ್ಕಪತ್ರದ ಗುಮಾಸ್ತರಿಗೂ ಸೇರಿದ್ದು. ಎಂಜಿನ್ನಿನ ಬಲವೆಷ್ಟು, ಲೀಟರಿಗೆ ಓಡುವ ದೂರವೆಷ್ಟು, ಟೆಂಡರಿನಲ್ಲಿ ಯಾರ ದರ ಕಡಮೆ ಎಂಬಿಷ್ಟನ್ನು ತಿಳಿದುಕೊಂಡರೆ ತೀರ್ಮಾನ ತಾನಾಗಿಯೇ ಹೊರಬೀಳಬೇಕು. ಆದರೆ ಇವೆಲ್ಲವನ್ನೂ ತಿಳಿದುಕೊಂಡ ಮೇಲೆಯೂ ಇವುಗಳಲ್ಲಿ ಯೋಗ್ಯವಾದುದು ಯಾವುದೆಂದು ಕೇಳಿದರೆ, ಯಾವುದಕ್ಕೆ ಯೋಗ್ಯವೆಂಬ ಇನ್ನೊಂದು ಪ್ರಶ್ನೆ ಬೆನ್ನಿಗೇ ಬಂದು ನಿಲ್ಲುತ್ತದೆ. ಅದಕ್ಕೆ ಉತ್ತರ ಹೇಳಹೊರಟವನು, ಗಸ್ತು ಎಂದರೇನು, ರಾಜ್ಯವು ತನ್ನ ದಂಡಶಕ್ತಿಯ ಒಂದಂಶವನ್ನು ಒಬ್ಬ ಕಾನ್‌ಸ್ಟೇಬಲ್ಲನ ಕೈಗೆ ಕೊಟ್ಟು ನಡುರಾತ್ರಿಯಲ್ಲಿ ಬೀದಿಗೆ ಕಳುಹಿಸುವುದು ಯಾವ ಪ್ರಯೋಜನವನ್ನುದ್ದೇಶಿಸಿ ಎಂಬ ವಿಚಾರಕ್ಕೆ ಇಳಿಯದೆ ವಿಧಿಯಿಲ್ಲ.

ದಂಡದ ಸ್ವರೂಪವನ್ನು ನಮ್ಮ ಪ್ರಾಚೀನರು ಸಾಕಷ್ಟು ಮಥಿಸಿದ್ದಾರೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಯೋಲೆಗಳ ನಡುವಿನಿಂದ ಆರ್. ಶಾಮಾಶಾಸ್ತ್ರಿಗಳು ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಗ್ರಂಥದ ಆರಂಭಭಾಗದಲ್ಲಿಯೇ, ತೀಕ್ಷ್ಣವಾದ ದಂಡಕ್ಕೆ ಪ್ರಜೆ ಹೆದರಿ ತಲ್ಲಣಿಸುವನೆಂದೂ, ಮೃದುವಾದ ದಂಡವನ್ನು ಕಂಡು ತಾತ್ಸಾರ ಮಾಡುವನೆಂದೂ, ತಕ್ಕಷ್ಟೇ ಆದ ದಂಡವನ್ನು ಮಾತ್ರ ಗೌರವಿಸುವನೆಂದೂ ವಿವೇಚನೆಯುಂಟು. ಈ ತಕ್ಕಷ್ಟು ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಮಾತ್ರ ಅನ್ವಯಿಸತಕ್ಕದ್ದೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ದಂಡವನ್ನು ಧರಿಸಿದವನ ವೇಷ, ಧ್ವನಿ, ನಡೆ, ಅವನು ಏರಿ ಬರುವ ವಾಹನ, ಇವಕ್ಕೂ ಅದು ಅನ್ವಯಿಸದೆ ಹೋಗುವುದೆಂತು? ಅಪರಾಧ ನಡೆದ ಮೇಲಲ್ಲವೆ ಶಿಕ್ಷೆಯ ಪ್ರಸಕ್ತಿ? ಅಪರಾಧವೇ ಇಲ್ಲದ ನೂರು ಇರುಳುಗಳಲ್ಲಿ ಪ್ರಜೆಗೆ ದಂಡದ ಪರಿಚಯವಾಗುವುದು ತನ್ನ ಮನೆಯ ಮುಂದೆ ಹಾದುಹೋಗುವ ಗಸ್ತಿನವನ ಮೂಲಕವೇ.

1829ರಲ್ಲಿ ಲಂಡನ್ನಿನ ಪೊಲೀಸು ಪಡೆಯನ್ನು ಕಟ್ಟಿದಾಗ, ಅದರ ಸಿಬ್ಬಂದಿಗೆ ಕೊಟ್ಟ ಸೂಚನೆಗಳಲ್ಲಿ, ಪಡೆಯ ಮುಖ್ಯೋದ್ದೇಶ ಅಪರಾಧವನ್ನು ತಡೆಯುವುದು ಎಂದು ಸ್ಪಷ್ಟವಾಗಿ ಬರೆದಿತ್ತು. ಹಿಡಿಯುವುದು ಆಮೇಲಿನ ಮಾತು. ಬೆನ್ನಟ್ಟಿ ಹಿಡಿಯುವುದು ನಿಗ್ರಹ, ಸುತ್ತಿ ಕಾಯುವುದು ರಕ್ಷಣೆ. ಒಬ್ಬನೇ ಮನುಷ್ಯ ಎರಡನ್ನೂ ಮಾಡಬೇಕಾಗಿ ಬಂದರೂ ಎರಡರ ಧರ್ಮ ಒಂದಲ್ಲ. ಹೆದ್ದಾರಿಯ ಪೊಲೀಸರಿಗೆ ವೇಗ ಬೇಕು, ಅದರಲ್ಲಿ ಚರ್ಚೆಯಿಲ್ಲ. ಊರೊಳಗಿನ ಗಸ್ತಿಗೂ ಅದೇ ವೇಗದ ಯಂತ್ರವನ್ನು ಕೊಟ್ಟರೆ, ಇಲಾಖೆಯು ತನ್ನ ಕಾವಲುಗಾರನನ್ನು ತನಗರಿವಿಲ್ಲದಂತೆ ಬೇಟೆಗಾರನನ್ನಾಗಿ ಮಾಡಿಬಿಡುತ್ತದೆಂಬುದು ನನ್ನ ಅಭಿಪ್ರಾಯ.

ಈ ಭೇದವನ್ನು ಯಂತ್ರದ ರೂಪದಲ್ಲಿ ಕಾಣಬೇಕೆಂದರೆ ಬ್ರಿಟನ್ನಿನ ಒಂದು ಪುಟ್ಟ ಮೋಟಾರು ಸೈಕಲ್ಲನ್ನು ಗಮನಿಸಬೇಕು. ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಕಂಪನಿಯವರು 1948ರಲ್ಲಿ ಎಲ್.ಇ. ಎಂಬ ಹೆಸರಿನಿಂದ ಹೊರತಂದ ಆ ಗಾಡಿಯ ಎಂಜಿನ್ನು ಮೊದಲು 149 ಸಿ.ಸಿ., ಆಮೇಲೆ 192 ಸಿ.ಸಿ.; ಸಿಲಿಂಡರುಗಳೆರಡು ಎಡಕ್ಕೊಂದು ಬಲಕ್ಕೊಂದು ಮಲಗಿದ್ದುವು; ತಂಪಾಗುವುದಕ್ಕೆ ಗಾಳಿಯ ಬದಲು ನೀರು; ಹಿಂದಿನ ಚಕ್ರವನ್ನು ತಿರುಗಿಸುವುದಕ್ಕೆ ಕಿರುಗುಟ್ಟುವ ಸರಪಳಿಯ ಬದಲು ಕೊಳವೆಯೊಳಗೆ ಅಡಗಿದ ಶಾಫ್ಟು. ಗಂಟೆಗೆ 80 ಕಿಲೋಮೀಟರಿನ ಆಸುಪಾಸೇ ಅದರ ಪರಮಾವಧಿ. ಮಳೆಯ ಕೆಸರು ಸವಾರನ ಕಾಲಿಗೆ ಸಿಡಿಯದಂತೆ ಮುಂದೆ ತಗಡಿನ ಮರೆ. ಜನಸಾಮಾನ್ಯರು ಕೊಳ್ಳಲೆಂದು ಮಾಡಿದ ಈ ಗಾಡಿಯನ್ನು ಜನಸಾಮಾನ್ಯರು ಕಂಪನಿ ಆಶಿಸಿದಷ್ಟು ಕೊಳ್ಳಲಿಲ್ಲ, ಕೊಂಡವರು ಪೊಲೀಸರು. ದೇಶದ ಐವತ್ತಕ್ಕೂ ಹೆಚ್ಚು ಪೊಲೀಸು ಪಡೆಗಳು ಅದನ್ನು ಗಸ್ತಿಗೆ ಆರಿಸಿಕೊಂಡುವು. ಕಾರಣ, ಅದು ಸದ್ದು ಮಾಡುತ್ತಿರಲಿಲ್ಲ; ನಡೆಯುವವನ ಹೆಜ್ಜೆಗೆ ಸಮನಾಗಿ ತೆವಳಿದರೂ ಮುಗ್ಗರಿಸುತ್ತಿರಲಿಲ್ಲ. ಆ ಸವಾರರ ವಿಷಯವಾಗಿ ಒಂದು ಸ್ವಾರಸ್ಯದ ಮಾತು ಪ್ರಚಲಿತವಾಗಿದೆ: ಮೇಲಧಿಕಾರಿ ಎದುರಾದಾಗ ಸೆಲ್ಯೂಟು ಹೊಡೆಯಲು ಕೈಯನ್ನು ಹ್ಯಾಂಡಲಿನಿಂದ ತೆಗೆಯುವುದು ಅಪಾಯವಾದ್ದರಿಂದ, ತಲೆಯನ್ನು ತುಸು ಬಾಗಿಸಿದರೆ ಸಾಕೆಂದು ಅವರಿಗೆ ರಿಯಾಯಿತಿ ಸಿಕ್ಕಿತಂತೆ; ಅದರಿಂದಲೇ ಜನ ಆ ಗಾಡಿಗೆ ಮಕ್ಕಳ ಕಥೆಯ ತಲೆದೂಗುವ ಗೊಂಬೆ ನಾಡಿಯ ಹೆಸರನ್ನಿಟ್ಟರಂತೆ. ವಾಹನವು ಅಧಿಕಾರದ ಶಿಷ್ಟಾಚಾರವನ್ನೇ ಅಷ್ಟು ಸಡಿಲಿಸಿತೆಂಬುದು ಕಡಮೆ ಮಾತಲ್ಲ.

ನಮ್ಮ ದೇಶದ ಕಥೆ ಬೇರೆ ಸ್ವರದಲ್ಲಿದೆ. 1954ರ ಸುಮಾರಿಗೆ ಭಾರತ ಸರ್ಕಾರ ಗಡಿಕಾವಲಿಗಾಗಿ 350 ಸಿ.ಸಿ.ಯ 800 ಬುಲೆಟ್ ಮೋಟಾರು ಸೈಕಲ್ಲುಗಳನ್ನು ತರಿಸಲು ನಿಶ್ಚಯಿಸಿತು. ಮರುವರ್ಷ ಅವನ್ನು ಇಲ್ಲಿಯೇ ಜೋಡಿಸಲು ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಅಲ್ಲಿಂದ ಮುಂದೆ ಸೈನ್ಯಕ್ಕೂ ಪೊಲೀಸಿಗೂ ಬುಲೆಟ್ಟೇ ಗತಿಯೂ ಪ್ರತಿಷ್ಠೆಯೂ ಆಯಿತು. ಬುಲೆಟ್ಟಿನ ಸದ್ದನ್ನು ಬಣ್ಣಿಸುವ ಅಗತ್ಯವಿಲ್ಲ. ಊರ ಹೊರಗಿನ ಸೇತುವೆಯ ಮೇಲೆ ಆ ಗುಡುಗುಡು ಕೇಳಿಸಿತೆಂದರೆ, ಅರಳಿಕಟ್ಟೆಯ ಹಿಂದೆ ಇಸ್ಪೀಟಾಡುತ್ತಿದ್ದವರು ಎಲೆಗಳನ್ನು ಪಂಚೆಯ ಮಡಿಲಿಗೆ ಸೇರಿಸಿ, ಸಬ್ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಮಳೆ ಬೆಳೆಯ ಮಾತಾಡುತ್ತಿದ್ದರು.

ಇಲ್ಲಿ ಒಬ್ಬ ಪ್ರತಿವಾದಿ ಎದ್ದು ಕೇಳಬಹುದು: "ತಡೆಯುವುದೇ ಉದ್ದೇಶವಾದರೆ ಬುಲೆಟ್ಟೇ ಮೇಲಲ್ಲವೆ ಸ್ವಾಮಿ? ಅದು ದೂರದಿಂದಲೇ ಎಚ್ಚರಿಸುತ್ತದೆ. ತಪ್ಪು ಮಾಡಹೊರಟವನಿಗೆ ಹಿಂದೆಗೆಯಲು ಅವಕಾಶ ಕೊಡುತ್ತದೆ. ಸದ್ದಿಲ್ಲದೆ ಬರುವವನು ಗೂಢಚಾರ, ಕಾವಲುಗಾರನಲ್ಲ." ಇದು ತಳ್ಳಿಹಾಕತಕ್ಕ ವಾದವಲ್ಲ. ಪ್ರಜೆಗೆ ಕಾಣದಂತೆ ಪ್ರಜೆಯನ್ನು ಕಾಣುವ ಅಧಿಕಾರ ಎಷ್ಟು ಬೇಗ ಕೆಡುತ್ತದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳು ಹೇರಳವಾಗಿವೆ. ಆದರೂ ಪ್ರತಿವಾದಿಯು ಒಂದು ಅಂಶವನ್ನು ಮರೆತಿದ್ದಾನೆ. ಸದ್ದು ಹೊರಕ್ಕೆ ಮಾತ್ರ ಹೋಗುವುದಿಲ್ಲ, ಸವಾರನ ಕಿವಿಯನ್ನೂ ತುಂಬುತ್ತದೆ. ಬೀದಿಗೆಲ್ಲ ತಾನು ಕೇಳಿಸುವವನಿಗೆ ಬೀದಿ ಕೇಳಿಸುವುದಿಲ್ಲ.

ಈ ಮಾತನ್ನು ತರ್ಕದ ನೆಲೆಯಲ್ಲಿ ನೋಡಿದರೆ ಅದರ ಗಾಂಭೀರ್ಯ ತಿಳಿಯುತ್ತದೆ. ಗಸ್ತಿನ ಫಲವೆಂಬುದು ಒಂದು ಅಭಾವ: ನಡೆಯದ ಕಳ್ಳತನ, ಒಡೆಯದ ಬೀಗ, ಏಳದ ಕೂಗು. ವೈಶೇಷಿಕರು ದ್ರವ್ಯ ಗುಣ ಕರ್ಮಾದಿ ಆರು ಪದಾರ್ಥಗಳನ್ನು ಹೇಳಿ, ಕಾಲಾಂತರದಲ್ಲಿ ಅಭಾವವನ್ನು ಏಳನೆಯದಾಗಿ ಒಪ್ಪಿಕೊಂಡರು. ವಸ್ತು ಹುಟ್ಟುವುದಕ್ಕೆ ಮುಂಚೆ ಇರುವ ಅದರ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಗಸ್ತಿನವನ ಸಮಸ್ತ ಶ್ರಮವೂ ಅಪರಾಧದ ಪ್ರಾಗಭಾವವನ್ನು ಬೆಳಗಿನವರೆಗೆ ಕಾಪಾಡಿಕೊಂಡು ಬರುವುದರಲ್ಲಿದೆ. ಈ ಅಭಾವವು ತಿಳಿಯುವುದು ಹೇಗೆ? ಮೀಮಾಂಸಕರಲ್ಲಿ ಕುಮಾರಿಲಭಟ್ಟನ ಮತದವರು ಇದಕ್ಕೆ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನೇ ಹೇಳಿದರು. ಆದರೆ ಒಂದು ನಿಬಂಧನೆ ಉಂಟು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಿಸದಿದ್ದರೆ ಗಡಿಗೆ ಇಲ್ಲವೆಂದು ಸಿದ್ಧವಾಗುವುದಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಹ ಸ್ಥಿತಿಯಲ್ಲಿ ಕಾಣದೆ ಹೋದರೆ ಮಾತ್ರ ಅದು ಪ್ರಮಾಣ.

ಇನ್ನು ನಮ್ಮ ಕಾನ್‌ಸ್ಟೇಬಲ್ಲನನ್ನು ನೋಡಿರಿ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅವನು ಆಭರಣದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಗಿಲಿಗೆ ತೂಗುಹಾಕಿದ ಬೀಟ್ ಪುಸ್ತಕದಲ್ಲಿ ಸಹಿ ಮಾಡಿ, ವಿಶೇಷವೇನೂ ಇಲ್ಲವೆಂದು ಬರೆಯುತ್ತಾನೆ. ಅರವತ್ತು ಕಿಲೋಮೀಟರು ವೇಗದಲ್ಲಿ, ಎಂಜಿನ್ನಿನ ಆರ್ಭಟದಲ್ಲಿ, ಕಣ್ಣನ್ನು ರಸ್ತೆಯ ಗುಂಡಿಗಳ ಮೇಲೆ ನೆಟ್ಟು ಬಂದವನ ಆ ಬರವಣಿಗೆ ಕತ್ತಲ ಕೋಣೆಯ ಸಾಕ್ಷ್ಯವಷ್ಟೆ. ಹದಿನೈದು ಕಿಲೋಮೀಟರಿನಲ್ಲಿ, ಎರಡು ಕಡೆಯ ಓಣಿಗಳನ್ನೂ ಇಣುಕುತ್ತ, ನಾಯಿ ಬೊಗಳಿದ ದಿಕ್ಕನ್ನು ಗುರುತಿಸುತ್ತ ಬಂದವನದಾದರೆ ಅದು ಪ್ರಮಾಣ. ಸವಾರನ ಕಾಣದಿರುವಿಕೆಯನ್ನು ಪ್ರಮಾಣದ ಪದವಿಗೆ ಏರಿಸಬಲ್ಲ ಯಂತ್ರವೇ ಗಸ್ತಿಗೆ ತಕ್ಕ ಯಂತ್ರ. ಟೆಂಡರಿನ ಅರ್ಹತಾಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ಗರಿಷ್ಠ ವೇಗಕ್ಕೆ ಸ್ಥಾನವುಂಟು, ಏಕೆಂದರೆ ಅದನ್ನು ಅಳೆಯುವುದು ಸುಲಭ.

ಅಮೆರಿಕೆಯಲ್ಲಿ ಈ ಅಭಾವವನ್ನು ಅಳೆಯುವ ಎರಡು ಪ್ರಯತ್ನಗಳಾದುವು. 1972-73ರಲ್ಲಿ ಕ್ಯಾನ್ಸಸ್ ನಗರದ ಹದಿನೈದು ಬೀಟುಗಳನ್ನು ಮೂರು ಪಾಲು ಮಾಡಿ, ಒಂದರಲ್ಲಿ ಕಾರಿನ ಗಸ್ತನ್ನು ನಿಲ್ಲಿಸಿ, ಇನ್ನೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿ, ಮತ್ತೊಂದನ್ನು ಹಾಗೆಯೇ ಬಿಟ್ಟು ನೋಡಿದರು. ಅಪರಾಧದಲ್ಲಾಗಲಿ ಜನರ ಭೀತಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಲವು ವರ್ಷಗಳ ತರುವಾಯ ನ್ಯೂಆರ್ಕ್ ನಗರದಲ್ಲಿ ಕಾಲ್ನಡಿಗೆಯ ಗಸ್ತನ್ನು ಪರೀಕ್ಷಿಸಿದರು. ಅಪರಾಧ ಅಲ್ಲಿಯೂ ಇಳಿಯಲಿಲ್ಲ. ಆದರೆ ಜನರ ಅಂಜಿಕೆ ಇಳಿಯಿತು. ಗಾಜು ಏರಿಸಿದ ಕಾರಿನಲ್ಲಿ ಹೋಗುವವನು ಇದ್ದರೂ ಇಲ್ಲದಿದ್ದರೂ ಜನಕ್ಕೆ ಒಂದೇ ಆಗಿತ್ತು. ನಡೆದು ಬರುವವನ ಮುಖ ಅವರಿಗೆ ತಿಳಿದಿತ್ತು. ಪ್ರಜೆಗೆ ರಾಜನು ಕೊಡಬೇಕಾದ ದಾನಗಳಲ್ಲಿ ಅಭಯವೇ ಶ್ರೇಷ್ಠವೆಂದು ನಂಬಿದ ನಾಡಿನವರಿಗೆ ಈ ಎರಡನೆಯ ಫಲ ಚಿಕ್ಕದೆಂದು ತೋರಬಾರದು.

ಮೋಟಾರು ಸೈಕಲ್ಲು ಕಾರಿಗೂ ಕಾಲ್ನಡಿಗೆಗೂ ನಡುವಣ ಸ್ಥಿತಿ. ಆರಿಸುವವನ ಬುದ್ಧಿಗೆ ತಕ್ಕಂತೆ ಅದು ಯಾವ ಕಡೆಗಾದರೂ ವಾಲೀತು. ಗಾಳಿಯಿಂದ ತಂಪಾಗುವ ದೊಡ್ಡ ಎಂಜಿನ್ನು ಓಡುತ್ತಿದ್ದರೆ ಮಾತ್ರ ತಂಪು. ವೈಶಾಖದ ರಥೋತ್ಸವದ ಹಿಂದೆ ಎರಡು ಗಂಟೆ ತೆವಳಿದರೆ ಸವಾರನ ತೊಡೆ ಬೇಯುತ್ತದೆ, ಬೆಂದ ತೊಡೆಯವನಿಂದ ಸೌಜನ್ಯವನ್ನು ನಿರೀಕ್ಷಿಸುವುದು ಅನ್ಯಾಯ. ಕ್ಲಚ್ಚು ಗಡುಸಾದರೆ ಎಡಗೈ ಸೋತು, ಅವನು ಓಣಿಗೆ ತಿರುಗುವ ಬದಲು ನೇರದಾರಿಯನ್ನೇ ಹಿಡಿಯುತ್ತಾನೆ. ನಿಧಾನದಲ್ಲಿ ಬ್ಯಾಟರಿಗೆ ಸಾಕಷ್ಟು ವಿದ್ಯುತ್ತು ತುಂಬದಿದ್ದರೆ ಕೆಂಪು ನೀಲಿ ದೀಪಗಳೂ ವೈರ್‌ಲೆಸ್ಸೂ ಬೆಳಗಿನ ಜಾವಕ್ಕೆ ಕೈಕೊಡುತ್ತವೆ. ಸೀಟು ಎತ್ತರವಾಗಿ ಎರಡು ಪಾದಗಳೂ ನೆಲಕ್ಕೆ ಊರದಿದ್ದರೆ ಅವನು ನಿಲ್ಲಿಸಿ ಮಾತಾಡಿಸುವುದನ್ನೇ ಬಿಡುತ್ತಾನೆ. ಅಮೆರಿಕೆಯ ಪೊಲೀಸರು ಏರುವ ಹಾರ್ಲೆ ಗಾಡಿಯ ತೂಕ 350 ಕಿಲೋಗ್ರಾಮನ್ನು ಮೀರುತ್ತದೆ. ವಿಶಾಲವಾದ ಹೆದ್ದಾರಿಗೆ ಅದು ಹೊಂದೀತು, ಚರಂಡಿಯ ಕಲ್ಲು ಕಿತ್ತ ನಮ್ಮ ಕೇರಿಯಲ್ಲಿ ಮಗುಚಿಕೊಂಡರೆ ಒಬ್ಬನಿಂದ ಎತ್ತಲಾಗದು. 125 ಸಿ.ಸಿ.ಗೆ ಮೇಲ್ಪಟ್ಟ ಗಾಡಿಗಳಿಗೆ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಬ್ರೇಕಿನ ವ್ಯವಸ್ಥೆಯನ್ನು 2019ರಿಂದ ಕಾನೂನೇ ಕಡ್ಡಾಯ ಮಾಡಿದೆಯಾಗಿ ಆ ಚಿಂತೆಯೊಂದು ತಪ್ಪಿತು. ಸದ್ದಿನ ಚಿಂತೆಯನ್ನು ವಿದ್ಯುತ್ ಮೋಟಾರು ತಪ್ಪಿಸೀತು. ಸದ್ದಡಗಿದವನು ಗೂಢಚಾರನಾಗದಂತೆ ಸಮವಸ್ತ್ರವೂ ದೀಪವೂ ಕಣ್ಣಿಗೆ ಕಾಣುತ್ತಿರಲಿ. ಕಿವಿಗೆ ಮೌನ, ಕಣ್ಣಿಗೆ ಪ್ರಕಟ; ಪ್ರತಿವಾದಿಯೊಡನೆ ನಾನು ಮಾಡಿಕೊಳ್ಳುವ ರಾಜಿ ಇದು.

ದೇವತೆಗಳಿಗೆ ವಾಹನವನ್ನು ಆರಿಸಿಕೊಟ್ಟ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ವಿವೇಕಿಗಳೆನಿಸುತ್ತದೆ. ಊರೆಲ್ಲೆಯನ್ನು ರಾತ್ರಿ ಸುತ್ತುವ ತಮಿಳುನಾಡಿನ ಅಯ್ಯನಾರನಿಗೆ ಕುದುರೆಯನ್ನು ಕೊಟ್ಟರು, ಒಪ್ಪತಕ್ಕದ್ದೇ. ಆದರೆ ದಂಡವನ್ನೇ ಆಯುಧವಾಗಿ ಹಿಡಿದ ಯಮಧರ್ಮನಿಗೆ ಕೊಟ್ಟದ್ದು ಕೋಣ. ಅದು ತಡವಾಗಿ ಬಂತೆಂದು ಯಾರೂ ದೂರಿದ್ದಿಲ್ಲ. ಕಾಶಿಯ ಕೊತ್ವಾಲನೆನಿಸಿದ, ನಮ್ಮ ಆದಿಚುಂಚನಗಿರಿಯಲ್ಲಿಯೂ ನೆಲಸಿರುವ ಕಾಲಭೈರವನಿಗೆ ಕೊಟ್ಟದ್ದು ನಾಯಿ: ಇರುಳೆಲ್ಲ ಎಚ್ಚರ, ಮನೆಮನೆಯ ವಾಸನೆಯ ಪರಿಚಯ, ಅಪರಿಚಿತನನ್ನು ಹೆಜ್ಜೆಯಿಂದಲೇ ಅರಿಯುವ ಕಿವಿ. ಬೆಂಗಳೂರಿನವರು ಗಸ್ತಿನ ಗಾಡಿಗೆ ಚೀತಾ ಎಂದು ಹೆಸರಿಟ್ಟಿದ್ದಾರೆ. ಆ ಪ್ರಾಣಿ ಮಿಂಚಿನಂತೆ ಓಡುವುದು ನಿಜ, ಆದರೆ ಓಡುವುದು ಅರೆಗಳಿಗೆ.

ಆಯುಧಪೂಜೆಯ ದಿನ ಪೊಲೀಸು ಠಾಣೆಗಳಲ್ಲಿ ಬಂದೂಕಿನ ಪಕ್ಕದಲ್ಲಿ ಮೋಟಾರು ಸೈಕಲ್ಲುಗಳನ್ನೂ ತೊಳೆದು ನಿಲ್ಲಿಸಿ, ಹ್ಯಾಂಡಲಿಗೆ ಚೆಂಡುಹೂವಿನ ಹಾರ ಹಾಕಿ, ಟ್ಯಾಂಕಿಗೆ ವಿಭೂತಿ ಕುಂಕುಮ ಹಚ್ಚಿ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ಉಪಕರಣವು ಜಡ, ಪುಣ್ಯಪಾಪವೆಲ್ಲ ಅದನ್ನು ಬಳಸುವವನದೆಂದು ಹೇಳುವುದು ಸುಲಭ. ಪೂಜೆ ಮಾಡುವ ಕಾನ್‌ಸ್ಟೇಬಲ್ಲನು ಹಾಗೆ ನಂಬಿದವನಲ್ಲ. ವಾಹನವು ಸವಾರನ ಸ್ವಭಾವವನ್ನು ತಿದ್ದುತ್ತದೆಂಬುದು ಅವನಿಗೆ ಬೆನ್ನುಮೂಳೆಯ ಅನುಭವದಿಂದ ಗೊತ್ತಿದೆ. ಆದುದರಿಂದ ಗಾಡಿಯನ್ನು ಆರಿಸುವ ಸಮಿತಿಯ ಮಹನೀಯರಲ್ಲಿ ನನ್ನದೊಂದು ಬಿನ್ನಹ: ದರಪಟ್ಟಿಯನ್ನು ತೆರೆಯುವುದಕ್ಕೆ ಮೊದಲು ಮಾದರಿಯ ಗಾಡಿಗಳನ್ನು ಒಂದು ವಾರ ಠಾಣೆಯ ಕಾನ್‌ಸ್ಟೇಬಲ್ಲುಗಳಿಗೆ ಕೊಟ್ಟು, ರಾತ್ರಿಯ ಬೀಟಿಗೂ ಹಗಲಿನ ಸಂತೆಗೂ ಕಳುಹಿಸಿರಿ; ಹಿಂದಿರುಗಿದವರನ್ನು ಎಷ್ಟು ವೇಗ ಹೋಯಿತೆಂದು ಕೇಳುವ ಮುನ್ನ, ದಾರಿಯಲ್ಲಿ ಏನೇನು ಕೇಳಿಸಿತು, ಎಷ್ಟು ಮಂದಿ ನಿಲ್ಲಿಸಿ ಮಾತಾಡಿಸಿದರು ಎಂದು ವಿಚಾರಿಸಿ, ಆ ಉತ್ತರಕ್ಕೂ ಅಂಕ ಕೊಡಿರಿ.